ಹಳೇ ಬಿಬಿಸಿ ಮೈಕ್ರೋಗೆ ಹೊಸ ಭಾಷೆ ಬರೆಯೋದು ಬರೀ ಟೈಮ್‌ಪಾಸ್ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ವಾಚಕರ ವಿಭಾಗದಲ್ಲಿ ಒಬ್ರು ಬರೆದಿದ್ರು, ನಲವತ್ತು ವರ್ಷದ ಹಿಂದಿನ ಕಂಪ್ಯೂಟರ್‌ಗಳಿಗೆ ಈಗ ಕೂತ್ಕೊಂಡು ಹೊಸ ಪ್ರೋಗ್ರಾಮಿಂಗ್ ಭಾಷೆ, ಕಂಪೈಲರ್ (ನಾವು ಬರೆದಿದ್ದನ್ನ ಮಷೀನಿಗೆ ಅರ್ಥ ಆಗೋ ಕೋಡಾಗಿ ಬದಲಾಯ್ಸೋದು), ಎಡಿಟರ್ ಅಂತ ಬರೆಯೋರಿಗೆ ಮಾಡಕ್ಕೆ ಬೇರೆ ಕೆಲಸ ಇಲ್ವಾ, ಆ ಹೊತ್ತಲ್ಲಿ ಎಐ ಕಲಿಬಾರ್ದಾ ಅಂತ. ಕೇಳಿದ್ದರಲ್ಲಿ ತಪ್ಪೇನಿಲ್ಲ, ನಮ್ಮ ಮನೇಲೂ ಇದೇ ಪ್ರಶ್ನೆ ದಿನಾ ಕೇಳ್ತಾರೆ. ಆದ್ರೆ ಅವರು ಇದನ್ನ ಹಳೇ ನೆನಪಿನ ಹುಚ್ಚು ಅಂದ್ಕೊಂಡಿದ್ದಾರೆ ನೋಡಿ, ಅದಕ್ಕೆ ಮಾತ್ರ ಉತ್ತರ ಕೊಡ್ಬೇಕು ಅನ್ನಿಸ್ತು, ಯಾಕಂದ್ರೆ ಸಂಜೆ ಆಫೀಸಿಂದ ಬಂದು ಬಿಬಿಸಿ ಮೈಕ್ರೋಗೆ ಅಂಥದ್ದೇ ಒಂದು ಭಾಷೆ ಬರೀತಾ ಇರೋನು ನಾನು.

ಮೊದಲು ಮಷೀನ್ ಯಾವುದು ಅಂತ ಹೇಳ್ಬಿಡ್ತೀನಿ. ಇಂಗ್ಲೆಂಡಿನ ಏಕಾರ್ನ್ ಕಂಪ್ನಿಯವರು 1981ರ ಕೊನೇಲಿ ಬಿಟ್ಟಿದ್ದು, ಬಿಬಿಸಿ ಟೀವಿಯವರ ಕಂಪ್ಯೂಟರ್ ಕಲಿಸೋ ಯೋಜನೆಗೋಸ್ಕರ ಮಾಡಿದ್ದಕ್ಕೆ ಆ ಹೆಸರು. 6502 ಪ್ರೊಸೆಸರ್, 2 ಮೆಗಾಹರ್ಟ್ಸ್ ಸ್ಪೀಡು, ಮಾಡೆಲ್ ಬಿ ಅನ್ನೋದರಲ್ಲಿ 32 ಕೆಬಿ ರ‍್ಯಾಮ್. ಕೆಬಿ ಅಂತಾನೇ ಓದ್ಕೊಳ್ಳಿ, ಎಂಬಿ ಅಲ್ಲ. ನಮ್ಮ ದೇಶಕ್ಕೂ ಇದಕ್ಕೂ ನಂಟಿದೆ, 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡೋ ಕ್ಲಾಸ್ ಅನ್ನೋ ಯೋಜನೆ ಶುರು ಮಾಡಿದಾಗ ದೇಶದ 250 ಶಾಲೆಗಳಿಗೆ ಹೋಗಿದ್ದು ಇದೇ ಮಷೀನು. ಈಗ ಐವತ್ತು ದಾಟಿರೋರಲ್ಲಿ ಎಷ್ಟೋ ಜನ ಮೊದಲ ಸಲ ಕೀಬೋರ್ಡ್ ಮುಟ್ಟಿದ್ದು ಇದರ ಮೇಲೇನೇ.

ಇದಕ್ಕೆ ಹೊಸ ಭಾಷೆ ಯಾಕೆ ಬೇಕು, ಆಗಲೇ ಬೇಸಿಕ್ ಅನ್ನೋ ಭಾಷೆ ಇದ್ಯಲ್ಲ ಅಂತ ಕೇಳಬಹುದು. ಇದೆ, ಅದೂ ಆ ಕಾಲದ ಬೇಸಿಕ್‌ಗಳಲ್ಲೇ ಒಳ್ಳೇದು. ಏಕಾರ್ನ್‌ನ ಸೋಫಿ ವಿಲ್ಸನ್ ಬರೆದಿದ್ದು, 16 ಕೆಬಿ ರಾಮ್ (ROM, ಮೊದಲೇ ಬರೆದಿಟ್ಟಿರೋ, ಓದಕ್ಕೆ ಮಾತ್ರ ಆಗೋ ಮೆಮೊರಿ; ರ‍್ಯಾಮ್ ಅಲ್ಲ) ಚಿಪ್ಪಲ್ಲಿ ಕೂತಿದೆ, ಸ್ವಿಚ್ ಹಾಕಿ ಬೀಪ್ ಅನ್ನೋಷ್ಟರಲ್ಲಿ ರೆಡಿ. ಬೇರೆ ಕಂಪ್ನಿಗಳ ಬೇಸಿಕ್ಕಲ್ಲಿ ಇಂಥಾ ನಂಬರಿನ ಸಾಲಿಗೆ ಹಾರು ಅನ್ನೋ ಗೋಟು ಹಾಕ್ಕೊಂಡು ಒದ್ದಾಡ್ತಿದ್ದ ಕಾಲದಲ್ಲಿ ಇದರಲ್ಲಿ ಹೆಸರಿಟ್ಟ ಪ್ರೊಸೀಜರ್ ಇತ್ತು, ಲೋಕಲ್ ವೇರಿಯಬಲ್ ಇತ್ತು, ಬೇಸಿಕ್ ಪ್ರೋಗ್ರಾಮಿನ ಮಧ್ಯದಲ್ಲೇ ಅಸೆಂಬ್ಲಿ, ಅಂದ್ರೆ ಚಿಪ್ಪಿನದೇ ಇನ್‌ಸ್ಟ್ರಕ್ಷನ್‌ಗಳನ್ನ ಬರೆಯೋ ವ್ಯವಸ್ಥೆ ಇತ್ತು. ಆದ್ರೂ ಇವತ್ತು ಪೈಥಾನೋ ಜಾವಾನೋ ಬರೆದು ರೂಢಿ ಇರೋನು ಕೂತ್ರೆ ಒಂದು ಗಂಟೇಲಿ ಕೈ ಕಟ್ಟಿ ಹಾಕಿದ ಹಾಗಾಗತ್ತೆ. ಇಫ್ ಅನ್ನೋದು ಪೂರ್ತಿ ಒಂದೇ ಸಾಲಲ್ಲಿ ಮುಗೀಬೇಕು, ವೈಲ್ ಲೂಪ್ ಇಲ್ಲ, ಸಾಲುಗಳಿಗೆ ನಂಬರ್ ಹಾಕ್ಲೇಬೇಕು, ಒಬ್ಬ ಹುಡುಗನ ಹೆಸರು ಮತ್ತೆ ಮೂರು ವಿಷಯದ ಅಂಕ ಒಟ್ಟಿಗೆ ಒಂದು ಕಡೆ ಇಡೋ ರೆಕಾರ್ಡ್ ಅನ್ನೋದೇ ಇಲ್ಲ, ನಾಲ್ಕು ಬೇರೆ ಬೇರೆ ಅರೇ ಇಟ್ಕೊಂಡು ಇಂಡೆಕ್ಸ್ ನಂಬರ್ ನೋಡ್ಕೊಂಡು ಹೊಂದಿಸ್ಬೇಕು. ಏನಾದ್ರೂ ತಪ್ಪಾದ್ರೆ ಎಷ್ಟೋ ಸಲ ಬರೋ ಸಂದೇಶ ಒಂದೇ, ಮಿಸ್ಟೇಕ್. ಎಲ್ಲಿ ಅಂದ್ರೆ 40ನೇ ಸಾಲಲ್ಲಿ. ಏನು ಮಿಸ್ಟೇಕು ಅನ್ನೋದು ನೀವೇ ಹುಡುಕ್ಕೊಳ್ಳಿ. (ಸಿಲ್ಲಿ ಅಂತ ಒಂದು ಎರರ್ ಮೆಸೇಜೂ ಇದೆ, ನಿಜವಾಗ್ಲೂ, ರೀನಂಬರ್ ಮಾಡುವಾಗ ತಲೆಕೆಟ್ಟ ನಂಬರ್ ಕೊಟ್ರೆ ಬೈಯತ್ತೆ.)

ಸರಿ, ಹೊಸ ಭಾಷೆಗಳ ಸೌಕರ್ಯ ಎಲ್ಲಾ ತಂದು ಇದರಲ್ಲಿ ತುರುಕೋಣ ಅಂದ್ರೆ ಆಗಲ್ಲ, ಜಾಗ ಎಲ್ಲಿದೆ? ಕೆಲಸ ಸ್ವಾರಸ್ಯ ಆಗೋದೇ ಇಲ್ಲಿಂದ. 32 ಕೆಬಿ ಅಂತ ಹೆಸರಿಗೆ, ಡಿಸ್ಕ್ ಹಾಕಿರೋ ಮಷೀನಲ್ಲಿ ಕೆಳಗಿನ ಒಂದಷ್ಟು ಸಿಸ್ಟಮ್ಮಿಗೇ ಹೋಗ್ಬಿಟ್ಟು ನಿಮ್ಮ ಪ್ರೋಗ್ರಾಮ್ ಶುರು ಆಗೋದು ಹೆಕ್ಸ್ 1900ರಿಂದ (ಹದಿನಾರರ ಲೆಕ್ಕದಲ್ಲಿ ಬರೆದ ವಿಳಾಸ, ಮಾಮೂಲಿ ಲೆಕ್ಕದಲ್ಲಿ 6,400). ಮೇಲ್ಗಡೆಯಿಂದ ಸ್ಕ್ರೀನ್ ತಿಂತಾ ಬರತ್ತೆ. ಬರೀ ಅಕ್ಷರ ತೋರಿಸೋ ಮೋಡ್ 7ರಲ್ಲಿ ಸ್ಕ್ರೀನಿಗೆ 1 ಕೆಬಿ ಸಾಕು, ನಿಮಗೆ 25,344 ಬೈಟ್ ಉಳಿಯತ್ತೆ. ನಾಲ್ಕು ಬಣ್ಣದ ಗ್ರಾಫಿಕ್ಸ್ ಬೇಕು ಅಂತ ಮೋಡ್ 1ಕ್ಕೆ ಹೋದ್ರಿ ಅಂದ್ಕೊಳ್ಳಿ, ಸ್ಕ್ರೀನೇ 20 ಕೆಬಿ ನುಂಗಿ ನಿಮಗೆ ಉಳಿಯೋದು 5,888 ಬೈಟ್. ಪ್ರೋಗ್ರಾಮಿನ ಸೋರ್ಸು, ಕಂಪೈಲ್ ಆದ ಕೋಡು, ಡೇಟಾ ಮೂರೂ ಅದರೊಳಗೇ. ಈ ಲೆಕ್ಕ ಒಂದು ಸಲ ತಲೇಲಿ ಕೂತ್ರೆ ಭಾಷೆಯ ಪ್ರತಿಯೊಂದು ಸೌಕರ್ಯಕ್ಕೂ ಬೆಲೆ ಎಷ್ಟು ಅಂತ ಬೈಟಿನಲ್ಲಿ ಕೇಳೋ ಅಭ್ಯಾಸ ಬಂದ್ಬಿಡತ್ತೆ. ಎರರ್ ಮೆಸೇಜನ್ನೇ ತಗೊಳ್ಳಿ, ಅರವತ್ತು ಸಂದೇಶ ಒಂದೊಂದು 30 ಅಕ್ಷರ ಅಂದ್ರೂ 1800 ಬೈಟ್ ಆಯ್ತು, 16 ಕೆಬಿ ಚಿಪ್ಪಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬರೀ ಬೈಯೋದಕ್ಕೆ ಹೋಯ್ತು. ಹಾಗಾಗಿ ಮತ್ತೆ ಮತ್ತೆ ಬರೋ ಪದಗಳನ್ನ ಒಂದು ಕಡೆ ಇಟ್ಟು ಅವುಗಳ ಜಾಗದಲ್ಲಿ ಒಂದೊಂದು ಬೈಟಿನ ಸಂಕೇತ ಹಾಕ್ಬೇಕು. ಮಿಸ್ಟೇಕ್ ಅಂತ ಒಂದೇ ಪದದಲ್ಲಿ ಮುಗಿಸಿದ್ದು ಯಾಕೆ ಅಂತ ಆಗ ಅರ್ಥ ಆಗತ್ತೆ, ಆ ಪುಣ್ಯಾತ್ಗಿತ್ತಿ ವಿಲ್ಸನ್‌ಗೆ ಫ್ಲೋಟಿಂಗ್ ಪಾಯಿಂಟ್ ಅನ್ನೋ ದಶಾಂಶದ ಲೆಕ್ಕ, ಸೈನ್ ಕೊಸೈನ್, ಅಸೆಂಬ್ಲರ್ ಎಲ್ಲಾ ಅದೇ 16 ಕೆಬಿಲಿ ಹಿಡಿಸ್ಬೇಕಿತ್ತು.

6502 ಅನ್ನೋ ಚಿಪ್ಪೂ ಹೊಸ ಭಾಷೆಗಳಿಗೆ ಹೇಳಿ ಮಾಡಿಸಿದ್ದಲ್ಲ. ಕೈಗೆ ಸಿಗೋದು ಎ, ಎಕ್ಸ್, ವೈ ಅಂತ ಮೂರು ರಿಜಿಸ್ಟರ್ (ಲೆಕ್ಕ ಮಾಡುವಾಗ ಸಂಖ್ಯೆ ಇಟ್ಕೊಳ್ಳೋ ಚಿಪ್ಪೊಳಗಿನ ಪುಟ್ಟ ಗೂಡು), ಮೂರೂ 8 ಬಿಟ್. ಗುಣಾಕಾರದ ಇನ್‌ಸ್ಟ್ರಕ್ಷನ್ನೇ ಇಲ್ಲ, ಶಿಫ್ಟ್ ಮಾಡಿ ಕೂಡ್ಕೋಬೇಕು. ವಾಪಸ್ ಎಲ್ಲಿಗೆ ಬರ್ಬೇಕು ಅಂತೆಲ್ಲಾ ಒಂದರ ಮೇಲೊಂದು ಪೇರಿಸಿಡೋ ಸ್ಟ್ಯಾಕ್ ಬರೀ 256 ಬೈಟ್, ಒಂದು ಸಬ್‌ರುಟೀನ್ (ಪ್ರೋಗ್ರಾಮಿನ ಬೇರೆ ತುಂಡು) ಕರೆದ್ರೆ ವಾಪಸ್ ಬರೋ ವಿಳಾಸಕ್ಕೆ 2 ಬೈಟ್ ಹೋಗತ್ತೆ, ಹಾಗಾಗಿ ಬೇರೇನೂ ಇಡದೆ ಬರೀ ಕರೀತಾ ಹೋದ್ರೂ 128 ಸಲಕ್ಕೆ ಮುಗೀತು. ಸಿ ಭಾಷೆಯ ಪುಸ್ತಕದಲ್ಲಿ ಲೋಕಲ್ ವೇರಿಯಬಲ್ ಎಲ್ಲಾ ಸ್ಟ್ಯಾಕಲ್ಲಿ ಇರತ್ತೆ ಅಂತ ಓದಿದ್ದು ಇಲ್ಲಿ ನಡೆಯಲ್ಲ.

ಹಾಗಾದ್ರೆ ಎಲ್ಲಿಡೋದು? ಒಂದು ಪ್ರೋಗ್ರಾಮಲ್ಲಿ ಅಂಕ ಕೂಡೋ ಫಂಕ್ಷನ್ ಒಂದು, ಪರದೆ ಮೇಲೆ ಗೆರೆ ಎಳೆಯೋ ಫಂಕ್ಷನ್ ಇನ್ನೊಂದು ಇದೆ ಅಂದ್ಕೊಳ್ಳಿ. ಇದು ಅದನ್ನ ಕರೆಯಲ್ಲ, ಅದು ಇದನ್ನ ಕರೆಯಲ್ಲ, ಅಂದ್ರೆ ಎರಡೂ ಒಂದೇ ಹೊತ್ತಲ್ಲಿ ಜೀವಂತ ಇರೋ ಸಂದರ್ಭಾನೇ ಇಲ್ಲ. ಅಂದ್ಮೇಲೆ ಎರಡರ ಲೋಕಲ್ ವೇರಿಯಬಲ್‌ಗಳೂ ಮೆಮೊರೀಲಿ ಅದೇ ಬೈಟ್‌ಗಳಲ್ಲಿ ಕೂರಬಹುದು, ಮದುವೆ ಮನೇಲಿ ಒಂದು ಪಂಕ್ತಿ ಎದ್ದ ಮೇಲೆ ಅದೇ ಜಾಗದಲ್ಲಿ ಎಲೆ ಹಾಕಿ ಇನ್ನೊಂದು ಪಂಕ್ತಿ ಕೂರಿಸಿದ ಹಾಗೆ. ಯಾವುದು ಯಾವುದನ್ನ ಕರೆಯತ್ತೆ ಅಂತ ಕಂಪೈಲರ್ ಮೊದಲೇ ಪೂರ್ತಿ ಪಟ್ಟಿ ಮಾಡ್ಕೊಂಡು ಪ್ರತಿಯೊಂದಕ್ಕೂ ಖಾಯಂ ವಿಳಾಸ ಕೊಟ್ಬಿಡತ್ತೆ, ಸ್ಟ್ಯಾಕ್ ಮುಟ್ಟೋ ಗೋಜೇ ಇಲ್ಲ. ತನ್ನನ್ನ ತಾನೇ ಕರ್ಕೊಳ್ಳೋ ರಿಕರ್ಸಿವ್ ಫಂಕ್ಷನ್ನಿಗೆ ಮಾತ್ರ ಇದು ಆಗಲ್ಲ, ಒಳಗಿನ ಕರೆ ಹೊರಗಿನದರ ಲೆಕ್ಕ ಅಳಿಸಿಬಿಡತ್ತೆ. ಅದಕ್ಕೆ ನನ್ನ ಭಾಷೇಲಿ ರಿಕರ್ಷನ್ ಬೇಕಾದೋರು ಫಂಕ್ಷನ್ ತಲೇಲೇ ಬರೆದು ಹೇಳ್ಬೇಕು, ಹೇಳಿದ್ರೆ ಬೇರೆ ನಿಧಾನದ ಸ್ಟ್ಯಾಕ್ ಕೊಡ್ತೀನಿ, ಹೇಳ್ದೆ ಮಾಡಿದ್ರೆ ಕಂಪೈಲ್ ಆಗಲ್ಲ. ಈ ಉಪಾಯ ನನ್ನ ತಲೆಯಿಂದ ಬಂದಿದ್ದಲ್ಲ, ದೊಡ್ಡ ಎಲ್‌ಎಲ್‌ವಿಎಂ ಕಂಪೈಲರನ್ನ 6502ಗೆ ತಂದಿರೋ ಎಲ್‌ಎಲ್‌ವಿಎಂ-ಎಂಒಎಸ್ ಅನ್ನೋ ಪ್ರಾಜೆಕ್ಟಲ್ಲೂ ರಿಕರ್ಷನ್ ಇಲ್ಲದ ಫಂಕ್ಷನ್‌ಗಳಿಗೆ ಹೀಗೇ ಖಾಯಂ ಜಾಗ ಕೊಡ್ತಾರೆ, ಅದರ ಜೊತೆಗೆ ಮೆಮೊರಿಯ ಮೊದಲ 256 ಬೈಟಲ್ಲಿ ಒಂದಷ್ಟನ್ನ ರಿಜಿಸ್ಟರ್ ಥರ ಬಳಸ್ತಾರೆ. ಜೀರೋ ಪೇಜ್ ಅಂತಾರೆ ಆ ಜಾಗಕ್ಕೆ, ಅಲ್ಲಿರೋದನ್ನ ಓದಕ್ಕೆ ಇನ್‌ಸ್ಟ್ರಕ್ಷನ್ 3 ಬೈಟ್ ಬದಲು 2 ಬೈಟ್ ಸಾಕು, ಒಂದು ಸೈಕಲ್ಲೂ (ಚಿಪ್ಪಿನ ಗಡಿಯಾರದ ಒಂದು ಬಡಿತ) ಉಳಿಯತ್ತೆ. ಬಿಬಿಸಿ ಮೈಕ್ರೋದಲ್ಲಿ ಬೇಸಿಕ್ ಪ್ರೋಗ್ರಾಮ್ ಬರೆಯೋರಿಗೆ ಆ ಪುಟದಲ್ಲಿ ಬಿಟ್ಟಿರೋದು 32 ಬೈಟ್, ಆದ್ರೆ ಬೇಸಿಕ್ಕನ್ನೇ ಬದಿಗಿಟ್ಟು ನೀವೇ ಭಾಷೆ ಆಗಿ ಕೂತ್ರೆ 144 ಬೈಟ್ ನಿಮ್ಮದು. ಸೈಟ್ ಸಿಕ್ಕಷ್ಟು ಖುಷಿ.

ಇನ್ನೊಂದು ಜಗಳ ಇರೋದು ಚಿಪ್ಪು ನೇರ ನಡೆಸೋ ಮಷೀನ್ ಕೋಡೋ, ಇನ್ನೊಂದು ಪ್ರೋಗ್ರಾಮ್ ಓದಿ ನಡೆಸೋ ಚಿಕ್ಕ ಸಂಕೇತಗಳ ಬೈಟ್‌ಕೋಡೋ ಅನ್ನೋದು. ಎರಡು 16 ಬಿಟ್ ಸಂಖ್ಯೆ ಕೂಡ್ಬೇಕು ಅಂದ್ರೆ 6502ರಲ್ಲಿ ಏಳು ಇನ್‌ಸ್ಟ್ರಕ್ಷನ್, ಎಲ್ಲಾ ಜೀರೋ ಪೇಜಲ್ಲಿದ್ರೂ 13 ಬೈಟ್, 20 ಸೈಕಲ್, ಅಂದ್ರೆ ಈ ಮಷೀನಲ್ಲಿ 10 ಮೈಕ್ರೋಸೆಕೆಂಡ್. ಬೈಟ್‌ಕೋಡಲ್ಲಾದ್ರೆ ಅದೇ ಕೆಲಸ ಎರಡೋ ಮೂರೋ ಬೈಟಲ್ಲಿ ಬರೀಬಹುದು, ಆದ್ರೆ ಅದನ್ನ ಓದಿ ಓದಿ ನಡೆಸೋ ಇಂಟರ್‌ಪ್ರಿಟರ್ ಮಧ್ಯದಲ್ಲಿ ಕೂತ್ಕೊಂಡು ಹಲವು ಪಟ್ಟು ನಿಧಾನ ಮಾಡತ್ತೆ. ಆಪಲ್‌ನ ಸ್ಟೀವ್ ವೋಜ್ನಿಯಾಕ್ ಇದೇ ತಲೆನೋವಿಗೆ ಆಪಲ್ 2ರ ರಾಮಲ್ಲಿ ಸ್ವೀಟ್16 ಅಂತ ಸುಮಾರು 300 ಬೈಟಿನ ಪುಟ್ಟ ಇಂಟರ್‌ಪ್ರಿಟರ್ ಇಟ್ಟಿದ್ರು, ಜಾಗ ಬೇಕಾದಲ್ಲಿ ಅದು, ವೇಗ ಬೇಕಾದಲ್ಲಿ ನೇರ ಮಷೀನ್ ಕೋಡು. ನಾನೂ ಎರಡೂ ಇಟ್ಟಿದೀನಿ, ಫಂಕ್ಷನ್ ಮುಂದೆ ಫಾಸ್ಟ್ ಅಂತ ಬರೆದ್ರೆ ಮಷೀನ್ ಕೋಡ್, ಇಲ್ಲಾಂದ್ರೆ ಬೈಟ್‌ಕೋಡ್. ಮೆನು ತೋರಿಸೋ ಫಂಕ್ಷನ್ ಹತ್ತು ಪಟ್ಟು ನಿಧಾನ ಆದ್ರೆ ಯಾರಪ್ಪನ ಗಂಟೇನು ಹೋಗಲ್ಲ.

ಇಷ್ಟೆಲ್ಲಾ ಆದ್ಮೇಲೆ ಅದನ್ನ ಮಷೀನೊಳಗೆ ಕೂರಿಸೋದು ಆಶ್ಚರ್ಯ ಆಗೋಷ್ಟು ಸಲೀಸು, ಏಕಾರ್ನ್‌ನವರು ಮೊದಲೇ ದಾರಿ ಬಿಟ್ಟಿದ್ದಾರೆ. ಹೆಕ್ಸ್ 8000ರಿಂದ 16 ಕೆಬಿ ಜಾಗಕ್ಕೆ ಒಂದರ ಬದಲು ಇನ್ನೊಂದು ರಾಮ್ ತಂದು ಕೂರಿಸ್ಕೊಳ್ಳೋ ಹಾಗೆ ಮಾಡಿದ್ದಾರೆ, ಬೇಸಿಕ್ ಕೂತಿರೋದೂ ಅದೇ ಜಾಗದಲ್ಲಿ. ಆ ಕಾಲದಲ್ಲೇ ಪ್ಯಾಸ್ಕಲ್, ಬಿಸಿಪಿಎಲ್, ಕೋಮಲ್ ಅನ್ನೋ ಭಾಷೆಗಳನ್ನೆಲ್ಲಾ ಹೀಗೇ ಚಿಪ್ಪಲ್ಲಿ ಮಾರ್ತಿದ್ರು, ಪ್ಯಾಸ್ಕಲ್ಲಿಗಂತೂ ಎರಡು ಚಿಪ್ ಬೇಕಿತ್ತು. ನಮ್ಮ ರಾಮ್ ಕೂಡ ಒಂದು ಭಾಷೆ ಅಂತ ಮಷೀನ್ ಒಪ್ಕೋಬೇಕಾದ್ರೆ ಶುರುವಲ್ಲಿ ಒಂದು ಪುಟ್ಟ ಹೆಡರ್ ಇರ್ಬೇಕು, ಅದರಲ್ಲಿ ಒಂದು ಸೊನ್ನೆ, ಆಮೇಲೆ ಬ್ರಾಕೆಟ್ ಒಳಗಿನ ಸಿ ಅಕ್ಷರ, ಅಂದ್ರೆ ಕಾಪಿರೈಟ್ ಗುರುತು ಇರ್ಲೇಬೇಕು. ಆ ನಾಲ್ಕು ಬೈಟ್ ಸರಿ ಇಲ್ಲ ಅಂದ್ರೆ ಒಳಗೆ ಎಂಥಾ ಕಂಪೈಲರ್ ಇದ್ರೂ ಮಷೀನು ಅಲ್ಲೇನೂ ಇಲ್ಲ ಅನ್ನೋ ಹಾಗೆ ಮುಂದೆ ಹೋಗ್ಬಿಡತ್ತೆ. ಅಕ್ಷರ ತೋರಿಸೋದು, ಕೀ ಓದೋದು, ಫೈಲ್ ತೆರೆಯೋದು ಇದಕ್ಕೆಲ್ಲಾ ಆಪರೇಟಿಂಗ್ ಸಿಸ್ಟಮ್ಮಿಗೆ ಖಾಯಂ ವಿಳಾಸಗಳಿವೆ, ಕರೆದ್ರೆ ಆಯ್ತು.

ಪೀಸಿ ಮೇಲೆ ಕಂಪೈಲ್ ಮಾಡಿ ಬರೀ ಕೋಡ್ ಹಳೇ ಮಷೀನಿಗೆ ಕಳಿಸಿದ್ರೆ ಆಗಲ್ವಾ ಅಂತ ತಿಳಿದವರು ಕೇಳ್ತಾರೆ. ಆಗತ್ತೆ, ಜಗತ್ತಲ್ಲಿ ಬಹಳ ಜನ ಮಾಡೋದು ಅದನ್ನೇ, ಕಮೋಡೋರ್ 64, ಆಪಲ್ 2, ಅಟಾರಿಗೆಲ್ಲಾ ಸಿಸಿ65 ಅನ್ನೋ ಸಿ ಕಂಪೈಲರ್ ಎಷ್ಟೋ ವರ್ಷದಿಂದ ಇದೆ. ಗೇಮ್ ಮಾಡಿ ಮಾರೋರಿಗೆ ಅದೇ ಸರಿ. ಇನ್ನೂ ಒಂದು ದಾರಿ ಇದೆ, ಬಿಬಿಸಿ ಮೈಕ್ರೋದ ಹೊಟ್ಟೆ ಕೆಳಗೆ ಟ್ಯೂಬ್ ಅಂತ ಒಂದು ಕನೆಕ್ಟರ್ ಇದೆ, ಎರಡನೇ ಪ್ರೊಸೆಸರ್ ಜೋಡಿಸಕ್ಕೆ ಬಿಟ್ಟಿದ್ದು. ಈಗ ಪೈಟ್ಯೂಬ್‌ಡೈರೆಕ್ಟ್ ಅನ್ನೋದನ್ನ ಹಾಕಿ ಅಲ್ಲಿಗೆ ರಾಸ್ಪ್‌ಬೆರಿ ಪೈ ಸಿಕ್ಕಿಸ್ತಾರೆ, ಆಗ ಲೆಕ್ಕ ಎಲ್ಲಾ ಪೈ ಮಾಡತ್ತೆ, ಹಳೇ ಮಷೀನು ಬರೀ ಕೀಬೋರ್ಡು ಸ್ಕ್ರೀನು. ಚೆನ್ನಾಗಿದೆ, ಆದ್ರೆ ನನಗೆ ರುಚಿಸಲ್ಲ, ಬೈಟಿನ ಲೆಕ್ಕಾಚಾರವೇ ಹೋದ್ಮೇಲೆ ಈ ಮಷೀನೇ ಯಾಕೆ? ಅಂದಹಾಗೆ ಆ ಕನೆಕ್ಟರಿಗೆ ದೊಡ್ಡ ಇತಿಹಾಸ ಇದೆ. 1985ರ ಏಪ್ರಿಲ್ 26ಕ್ಕೆ ಮೊದಲ ಆರ್ಮ್ ಚಿಪ್ ಓಡಿದ್ದು, ಅದನ್ನ ಮಾಡಿದ್ದು ಇದೇ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್, ಚಿಪ್ ಕೈಗೆ ಬರೋಕ್ಕೂ ಮುಂಚೆ ಅದರ ಇನ್‌ಸ್ಟ್ರಕ್ಷನ್‌ಗಳನ್ನ ವಿಲ್ಸನ್ ಬಿಬಿಸಿ ಬೇಸಿಕ್ಕಲ್ಲೇ ಸಿಮ್ಯುಲೇಟ್ ಮಾಡಿ ನೋಡಿದ್ರು, ಬಂದ ಮೇಲೆ ಬಿಬಿಸಿ ಮೈಕ್ರೋಗೆ ಎರಡನೇ ಪ್ರೊಸೆಸರ್ ಆಗಿ ಜೋಡಿಸಿದ್ರು. ನಿಮ್ಮ ಜೇಬಲ್ಲಿರೋ ಫೋನಿನ ಪ್ರೊಸೆಸರ್ ಆ ಚಿಪ್ಪಿನ ಮೊಮ್ಮಗ. ಹಳೇ ಮಷೀನಿನ ಭಾಷೆ ಕಟ್ಕೊಂಡು ಏನಾಗ್ಬೇಕು ಅನ್ನೋರು ಇದನ್ನ ಸ್ವಲ್ಪ ಯೋಚನೆ ಮಾಡ್ಲಿ.

ನಾನು ನಿಜವಾಗಿ ಹೇಳಬೇಕು ಅಂತಿರೋದು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿಷಯ. ಕಂಪೈಲರ್ ಅನ್ನೋ ಪೇಪರ್ ಎಲ್ಲಾ ಕಡೆ ಇದೆ. ಲ್ಯಾಬಲ್ಲಿ ಲೆಕ್ಸು, ಯಾಕ್ ಅನ್ನೋ ಕಂಪೈಲರ್ ಕಟ್ಟೋ ರೆಡಿಮೇಡ್ ಟೂಲ್‌ಗಳನ್ನ ಹಾಕಿ ಎ ಪ್ಲಸ್ ಬಿ ಅಂತ ಟೈಪ್ ಮಾಡಿದ್ರೆ ವ್ಯಾಲಿಡ್ ಎಕ್ಸ್‌ಪ್ರೆಷನ್ ಅಂತ ಪ್ರಿಂಟ್ ಮಾಡಿಸ್ತಾರೆ, ರೆಕಾರ್ಡ್ ಬರೆಸ್ತಾರೆ, ವೈವಾ, ಮುಗೀತು. ಆ ಎಕ್ಸ್‌ಪ್ರೆಷನ್ ಕೊನೆಗೆ ಯಾವ ಮಷೀನಿನ ಯಾವ ಬೈಟ್ ಆಯ್ತು ಅಂತ ಒಬ್ಬ ಹುಡುಗನೂ ಕಣ್ಣಾರೆ ನೋಡಿರಲ್ಲ. ಈಗಿನ ಲ್ಯಾಪ್‌ಟಾಪ್ ಪ್ರೊಸೆಸರಿನ ಮ್ಯಾನುಯಲ್ ಸಾವಿರಾರು ಪುಟ, ಪಾಪ ಮೇಷ್ಟ್ರು ತಾನೇ ಏನು ಮಾಡ್ತಾರೆ. 6502ರಲ್ಲಿ ಅಧಿಕೃತ ಇನ್‌ಸ್ಟ್ರಕ್ಷನ್ ಇರೋದು 56, ಒಂದು ವಾರದಲ್ಲಿ ಬಾಯಿಪಾಠ ಆಗತ್ತೆ. ಒಂದು ಸೆಮಿಸ್ಟರಲ್ಲಿ ನಾಲ್ಕು ಜನ ಸೇರಿ ಒಂದು ಪುಟ್ಟ ಭಾಷೆ, ಅದರ ಕಂಪೈಲರ್, ನೆಟ್ಟಗೆ ಓದಕ್ಕೆ ಬರೋ ಎರರ್ ಮೆಸೇಜ್, ಇಷ್ಟು ಪೂರ್ತಿ ಮಾಡಿ ಓಡಿಸಿ ತೋರಿಸ್ಬಹುದು. ಮಷೀನೂ ಕೊಳ್ಳಬೇಕಿಲ್ಲ, ಜೆಎಸ್‌ಬೀಬ್ ಅಂತ ಬ್ರೌಸರಲ್ಲೇ ಓಡೋ ಎಮ್ಯುಲೇಟರ್ (ಹಳೇ ಮಷೀನಿನ ಹಾಗೇ ನಡ್ಕೊಳ್ಳೋ ಪ್ರೋಗ್ರಾಮ್) ಇದೆ, ಒಂದೊಂದೇ ಇನ್‌ಸ್ಟ್ರಕ್ಷನ್ ನಿಲ್ಲಿಸಿ ನಿಲ್ಲಿಸಿ ನೋಡಬಹುದು, ಕಾಸು ಖರ್ಚಿಲ್ಲ. ಎಐ ಬೇಡ ಅಂತ ನಾನು ಹೇಳ್ತಿಲ್ಲ, ಎಐ ಬರೆದು ಕೊಟ್ಟ ಕೋಡು ಸರಿ ಇದ್ಯಾ ಅಂತ ನೋಡೋ ಕಣ್ಣು ಎಲ್ಲಿಂದ ಬರತ್ತೆ ಅಂತ ಕೇಳ್ತಿದೀನಿ ಅಷ್ಟೇ.

ಕನ್ನಡದಲ್ಲಿ ಯಾಕೆ ಮಾಡಬಾರದು ಅಂತಾನೂ ಕೆಲವರು ಕೇಳಿದ್ದಾರೆ. ಆಸೆ ನನಗೂ ಇದೆ. ಮೋಡ್ 7ರಲ್ಲಿ ಆಗಲ್ಲ, ಅಲ್ಲಿ ಅಕ್ಷರ ಬರೆಯೋದು ಟೆಲಿಟೆಕ್ಸ್ಟ್ ಚಿಪ್ಪು, ಅದರ ಅಕ್ಷರ ನಾವು ಬದಲಾಯ್ಸೋ ಹಾಗಿಲ್ಲ. ಗ್ರಾಫಿಕ್ಸ್ ಮೋಡಲ್ಲಿ ನಮ್ಮದೇ ಅಕ್ಷರ ಬರೀಬಹುದು, ಒಂದೊಂದಕ್ಕೆ 8 ಬೈಟ್, ಎಂಟಕ್ಕೆಂಟು ಚುಕ್ಕಿ. ಎಂಟು ಚುಕ್ಕಿ ಅಗಲದಲ್ಲಿ ಗ, ರ ಹೇಗೋ ಬರತ್ತೆ, ಣ ಬರೆಯೋದ್ರಲ್ಲಿ ಉಸಿರು ಕಟ್ಟತ್ತೆ. ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಸಾಲು ಬೇಕು, ಅಲ್ಲಿಗೆ ಸ್ಕ್ರೀನಿನ ಸಾಲುಗಳಲ್ಲಿ ಅರ್ಧ ಹೋಯ್ತು. ಸುಲಭವಾಗಿ ಸಿಗೋದು 32 ಅಕ್ಷರದ ಜಾಗ, ಜಾಸ್ತಿ ಬೇಕು ಅಂದ್ರೆ ಪ್ರೋಗ್ರಾಮಿನ ಮೆಮೊರಿ ಕಿತ್ತುಕೊಂಡು ಕೊಡತ್ತೆ. ಗುಣಿತಾಕ್ಷರ ಎಲ್ಲಾ ಸೇರಿಸಿದ್ರೆ ನಮಗೆ 32 ಎಲ್ಲಿ ಸಾಲತ್ತೆ ಹೇಳಿ. ಮಾಡಕ್ಕಾಗಲ್ಲ ಅಂತಲ್ಲ, ಅದೇ ಒಂದು ಪೂರ್ತಿ ಪ್ರಾಜೆಕ್ಟು, ಯಾರಾದ್ರೂ ಹುಡುಗರು ಕೈ ಹಾಕಿದ್ರೆ ನಾನು ಜೊತೆಗಿದೀನಿ.

ಕೊನೇದಾಗಿ ಹೆಡ್‌ಮಾಸ್ಟರ್‌ಗಳಿಗೆ, ಶಾಲೆ ಆಡಳಿತ ಮಂಡಳಿಯವರಿಗೆ ಒಂದು ಮಾತು ನಿಮ್ಮ ಪತ್ರಿಕೆ ಮೂಲಕ. ಹಳೇ ಶಾಲೆಗಳ ಸ್ಟೋರ್ ರೂಮಲ್ಲಿ ಡೆಡ್ ಸ್ಟಾಕ್ ಅಂತ ಬರೆಸ್ಕೊಂಡು ತಿಳಿ ಬಣ್ಣದ ದಪ್ಪ ಡಬ್ಬಿ, ಮೇಲ್ಗಡೆ ಸಾಲಾಗಿ ಕೆಂಪು ಫಂಕ್ಷನ್ ಕೀ ಇರೋ ಕೀಬೋರ್ಡ್ ಏನಾದ್ರೂ ಧೂಳು ತಿಂತಾ ಇದ್ರೆ ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಹಾಕಬೇಡಿ. ನನಗೆ ಗೊತ್ತಿರೋ ಒಂದು ಶಾಲೇಲಿ ಹಾಗೇ ಹೋಯ್ತು, ವಿಷಯ ಕಿವಿಗೆ ಬಿದ್ದಾಗ ಗಾಡಿ ಹೊರಟಾಗಿತ್ತು. ಹಾಗಂತ ಉತ್ಸಾಹದಲ್ಲಿ ನೇರ ಪ್ಲಗ್ಗಿಗೂ ಹಾಕಬೇಡಿ. ಒಳಗಿನ ಪವರ್ ಸಪ್ಲೈಲಿ ಕರೆಂಟಿನ ಫಿಲ್ಟರಿಗೆ ಅಂತ ಹಾಕಿರೋ ರೀಫಾ ಕೆಪಾಸಿಟರ್‌ಗಳು ವಯಸ್ಸಾದ ಮೇಲೆ ಬಿರುಕು ಬಿಟ್ಟು ತೇವ ಎಳ್ಕೊಂಡಿರ್ತವೆ, ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಢಬ್ ಅಂದು ರೂಮ್ ತುಂಬಾ ಹೊಗೆ, ಆ ವಾಸನೆ ಎರಡು ದಿನ ಹೋಗಲ್ಲ. ಕೆಲಸ ಗೊತ್ತಿರೋ ಟೀವಿ ರಿಪೇರಿಯವರ ಹತ್ರ ಆ ಕೆಪಾಸಿಟರ್‌ಗಳನ್ನ ಬದಲಾಯ್ಸಿ, ಎಕ್ಸ್2 ಕ್ಲಾಸಿಂದೇ ಹಾಕಿಸಿ, ದೊಡ್ಡ ದುಡ್ಡಿಂದಲ್ಲ. ಆಮೇಲೆ ಸ್ವಿಚ್ ಹಾಕಿ ನೋಡಿ.

ಇಂತಿ,
ನಿಮ್ಮ ಓದುಗ,
ದಾವಣಗೆರೆ